ಹದಿನೆಂಟು ಸಾವಿರದ ನೆಲ

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಬಿಟ್ಟವರಿಗೆ ಖಾಲಿ ತಿಂಗಳಿನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳಬರು ಬೀಗದ ಕೈ ಕೊಟ್ಟ ಗಳಿಗೆಯಿಂದ ಹೊಸಬರು ಹಾಲು ಉಕ್ಕಿಸುವ ಗಳಿಗೆಯವರೆಗೆ ಬಾಡಿಗೆ ನಿಂತಿರುತ್ತದೆ, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಮಾತ್ರ ನಿಂತಿರುವುದಿಲ್ಲ. ನಮ್ಮ ಫ್ಲ್ಯಾಟಿನ ಬಾಡಿಗೆ 28,000. ಬೀಗ ಬಿದ್ದಿರುವ ಪ್ರತಿ ದಿನವೂ ಒಂಬೈನೂರು ಚಿಲ್ಲರೆ ರೂಪಾಯಿ ಕೈಬಿಟ್ಟಂತೆ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಬಡ್ಡಿ ಲೆಕ್ಕ ಹಾಕಿ ವಿ.ಆರ್.ಎಸ್. ತೆಗೆದುಕೊಂಡವಳು ನಾನು, ಇಂಥ ಲೆಕ್ಕ ನಿದ್ದೆಯಲ್ಲೂ ಓಡುತ್ತದೆ. ಆ ಒಂಬೈನೂರರ ಅವಸರದಲ್ಲೇ ಒಂದು ಕೋಣೆಯ ನೆಲವನ್ನು ಕೈಯಾರೆ ರಿಪೇರಿ ಮಾಡುತ್ತೇನೆಂದು ಹೊರಟೆ.

ನಾವಿರುವುದು ಮೈಸೂರಿನಲ್ಲಿ. ಫ್ಲ್ಯಾಟು ಕನಕಪುರ ರಸ್ತೆಯ ಕಡೆ, ಎರಡನೆಯ ಮಹಡಿ. ಕೊಂಡಾಗ ಬಿಲ್ಡರ್ ಮನೆಗೆಲ್ಲ ವಿಟ್ರಿಫೈಡ್ ಟೈಲ್ಸ್ ಹಾಕಿಸಿ, ಮಾಸ್ಟರ್ ಬೆಡ್‌ರೂಮಿಗೆ ಮಾತ್ರ ವುಡನ್ ಫ್ಲೋರಿಂಗ್ ಕೊಟ್ಟಿದ್ದ. ಆಗ ಅದೊಂದು ಅಂತಸ್ತು. ಮನೆ ನೋಡಲು ಬಂದ ನೆಂಟರನ್ನೆಲ್ಲ ಚಪ್ಪಲಿ ಬಿಡಿಸಿ ಆ ಕೋಣೆಗೆ ಕರೆದೊಯ್ದು, ಬರಿಗಾಲಲ್ಲಿ ನಡೆಸಿ ತೋರಿಸಿದ್ದೇನೆ. ಬ್ರೋಕರ್ ಕೂಡ ಜಾಹೀರಾತಿನಲ್ಲಿ ಅದನ್ನೇ ಮೊದಲು ಹಾಕುತ್ತಿದ್ದ.

ಅದು ಮರವೇ ಅಲ್ಲ ಎಂದು ನನಗೆ ಗೊತ್ತಾದದ್ದು ಉಳಿ ಹಿಡಿದು ಕಿತ್ತಾಗ. ಮರ ಅಲ್ಲ ಎಂದರೆ ಪೂರ್ತಿ ಸುಳ್ಳಾಗುತ್ತದೆ. ಮರವನ್ನು ನಾರುನಾರಾಗಿ ಪುಡಿ ಮಾಡಿ, ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ಎಚ್‌ಡಿಎಫ್ ಹಲಗೆ ಅದು, ಎಂಟು ಮಿಲಿಮೀಟರ್ ದಪ್ಪ. ಅದರ ಮೇಲೆ ಮರದ ಗೆರೆಗಳ ಬಣ್ಣದ ಚಿತ್ರ ಅಚ್ಚಾದ ಕಾಗದ, ಕಾಗದದ ಮೇಲೆ ಗೀರು ಬೀಳದಂತೆ ಅಲ್ಯೂಮಿನಿಯಂ ಆಕ್ಸೈಡ್ ಕಣ ಬೆರೆತ ಪಾರದರ್ಶಕ ಪದರ. ಲ್ಯಾಮಿನೇಟ್ ಎನ್ನುತ್ತಾರೆ. 1970ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಪರ್ಸ್ಟಾರ್ಪ್ ಕಂಪನಿ ಹುಟ್ಟುಹಾಕಿದ್ದು ಇದು. ಆಮೇಲೆ ಪರ್ಗೋ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹೋಯಿತು. ಮೊದಮೊದಲು ಹಲಗೆಗೆ ಹಲಗೆಯನ್ನು ಅಂಟಿಸುತ್ತಿದ್ದರಂತೆ. 1990ರ ದಶಕದಲ್ಲಿ ಅಂಟಿಲ್ಲದೆ ಒಂದಕ್ಕೊಂದು ಕಚ್ಚಿಕೊಳ್ಳುವ ಕ್ಲಿಕ್ ಲಾಕ್ ಬಂತು. ಹೀಗೆ ಹಾಕಿದ ನೆಲಕ್ಕೆ ಮೊಳೆಯೂ ಇಲ್ಲ, ಗಾರೆಯೂ ಇಲ್ಲ. ಇಡೀ ಕೋಣೆಯ ಹಲಗೆ ಒಂದೇ ಹಾಳೆಯಂತೆ ತೆಳ್ಳನೆಯ ಫೋಮಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಹಿಗ್ಗಲು ಜಾಗ ಬೇಕೆಂದು ನಾಲ್ಕೂ ಗೋಡೆಯ ಪಕ್ಕ ಎಂಟು ಹತ್ತು ಮಿಲಿಮೀಟರ್ ಬಿಟ್ಟು, ಸ್ಕರ್ಟಿಂಗ್ ಪಟ್ಟಿಯಿಂದ ಆ ಸಂದನ್ನು ಮರೆ ಮಾಡಿರುತ್ತಾರೆ. ಈ ಪ್ಯಾರಾದಲ್ಲಿ ಬರೆದದ್ದರಲ್ಲಿ ಒಂದಾದರೂ ಮೊದಲೇ ಗೊತ್ತಿದ್ದರೆ ನನ್ನ ಎಷ್ಟೋ ದುಡ್ಡು ಉಳಿಯುತ್ತಿತ್ತು.

ನನಗೆ ಗೊತ್ತಿದ್ದ ಮರ ಬೇರೆ. ನನ್ನ ತವರು ಕೊಪ್ಪದ ಹತ್ತಿರ. ನಮ್ಮ ಉಪ್ಪರಿಗೆಯ ನೆಲ ಹಲಸಿನ ಹಲಗೆಯದು, ಅಂಗೈ ಎರಡು ಜೋಡಿಸಿಟ್ಟರೂ ಮೀರುವಷ್ಟು ಅಗಲ. ಮಳೆಗಾಲದಲ್ಲಿ ಸೋಗೆ ಸೋರಿ ನೆನೆಯುತ್ತಿತ್ತು, ಬೇಸಿಗೆಯಲ್ಲಿ ಒಣಗಿ ಮೊದಲಿನಂತಾಗುತ್ತಿತ್ತು. ಎಲ್ಲಾದರೂ ಉಬ್ಬಿದರೆ ಆಚಾರಿ ಬಂದು ತೋಪಡ ಹಿಡಿದು ಎರಡು ಎಳೆತ ಎಳೆದು ಸಮ ಮಾಡಿ, ಕಾಫಿ ಕುಡಿದು ಹೋಗುತ್ತಿದ್ದರು. ಅಪ್ಪನ ಪಕ್ಕ ಕೂತು ಅದನ್ನೆಲ್ಲ ನೋಡಿದವಳೆಂಬ ಹಮ್ಮು ನನಗೆ. ಎಚ್‌ಡಿಎಫ್ ಹಾಗಲ್ಲ, ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಒಣಗಿದ ಮೇಲೂ ಇಳಿಯುವುದಿಲ್ಲ. ಉಜ್ಜಿ ಸಮ ಮಾಡೋಣವೆಂದರೆ ಮೇಲಿರುವುದು ಕಾಗದದ ಚಿತ್ರ.

ಬಾಡಿಗೆಗಿದ್ದವರು ಹುಬ್ಬಳ್ಳಿಯ ಗಂಡ ಹೆಂಡತಿ, ಇಬ್ಬರೂ ಸಾಫ್ಟ್‌ವೇರ್. ಬಾಡಿಗೆ ಒಂದನೇ ತಾರೀಕು ಬೆಳಿಗ್ಗೆಯೇ ಬಂದು ಬೀಳುತ್ತಿತ್ತು. ಸ್ವಂತ ಮನೆಗೆ ಹೋಗುತ್ತೇವೆಂದು ನೋಟೀಸು ಕೊಟ್ಟು, ಹೇಳಿದ ದಿನ ಸಾಮಾನು ಸಾಗಿಸಿದರು. ಲೆಕ್ಕ ಚುಕ್ತಾ ಮಾಡಲು ನಾನು ಮೈಸೂರಿನಿಂದ ಬಂದೆ. ಖಾಲಿ ಕೋಣೆಯಲ್ಲಿ ಎಲ್ಲವೂ ಕಾಣುತ್ತದಲ್ಲ. ಬೆಡ್‌ರೂಮಿನಲ್ಲಿ ಬಾತ್‌ರೂಮ್ ಬಾಗಿಲ ಬದಿಯ ಮೂರು ಸಾಲು ಹಲಗೆಗಳ ಅಂಚುಗಳು ಎದ್ದು ನಿಂತಿದ್ದವು. ಕಾಲಿಟ್ಟರೆ ಮೆತ್ತಗೆ ಕುಸಿದು ಕಿರ್ ಎನ್ನುತ್ತಿತ್ತು.

"ಒರೆಸುವಾಗ ನೀರು ಸುರಿದಿದ್ದೀರ," ಅಂದೆ.

"ನಾವು ನೀರು ಚೆಲ್ಲಿಲ್ರೀ ಆಂಟಿ. ಆರು ತಿಂಗಳಾತು, ಅದು ಹಂಗಽ ಉಬ್ಬಾಕತ್ತೇತಿ. ನಾ ನಿಮಗ ಫೋಟೋ ಸೈತ ಕಳಿಸಿದ್ದೆ," ಅಂದಳು ಆ ಹುಡುಗಿ.

ಕಳಿಸಿದ್ದಳು, ನಿಜ. ವಾಟ್ಸ್ಆ್ಯಪಿನಲ್ಲಿ ನಾನು ಕೊಟ್ಟ ಉತ್ತರವೂ ಇತ್ತು: ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಲು ಕೆಲಸದವಳಿಗೆ ಹೇಳಿ.

ಬೆಂಗಳೂರಿನ ಅಡ್ವಾನ್ಸ್ ಎಂಬ ವ್ಯವಸ್ಥೆ ಎಷ್ಟು ಏಕಪಕ್ಷೀಯವೆಂದು ಮಾಲೀಕರ ಕಡೆ ಕೂತವರಿಗೆ ಬೇಗ ಹೊಳೆಯುವುದಿಲ್ಲ. ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವುದು ಇಲ್ಲಿನ ಹಳೆಯ ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಕೇಳಬಾರದೆನ್ನುತ್ತದೆ, ಆದರೆ ಅದು ಮಾದರಿ. ದುಡ್ಡು ಮೊದಲೇ ನಮ್ಮ ಖಾತೆಯಲ್ಲಿ ಕೂತಿರುವಾಗ ವಾದದಲ್ಲಿ ಗೆಲ್ಲಬೇಕಾದವರು ಅವರು, ನಾವಲ್ಲ. ನಮ್ಮಲ್ಲಿದ್ದದ್ದು ಅವರ ಎರಡು ಲಕ್ಷ. ಅಗ್ರಿಮೆಂಟಿನಂತೆ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡೆ. ನೆಲದ ಬಾಬ್ತು ಒಬ್ಬ ಕಾರ್ಪೆಂಟರನ್ನು ಕರೆಸಿ ಎಸ್ಟಿಮೇಟ್ ಕೇಳಿದೆ. ಅವನು ಕೋಣೆಯನ್ನು ಟೇಪಿನಲ್ಲಿ ಅಳೆದು, ಹಳೆಯದನ್ನು ಪೂರ್ತಿ ಕಿತ್ತು ಹೊಸದು ಹಾಕಲು, ಫೋಮು ಸ್ಕರ್ಟಿಂಗು ಸೇರಿ, ಚದರ ಅಡಿಗೆ 130 ಅಂದ. ಆಟೋ ಸಾಗಾಟವೆಲ್ಲ ಸೇರಿ 18,000. ಅದನ್ನೂ ಮುರಿದು ಉಳಿದದ್ದನ್ನು ಟ್ರಾನ್ಸ್‌ಫರ್ ಮಾಡಿದೆ. ಹುಡುಗಿಯ ಗಂಡ ಏನೋ ಹೇಳಲು ಬಾಯಿ ತೆರೆದ. ಅವಳು ಕಣ್ಣಲ್ಲೇ ಬೇಡವೆಂದಳು. ಲಾರಿ ಕೆಳಗೆ ಕಾಯುತ್ತಿತ್ತು.

ಈಗ ಬರೆಯಲು ನಾಚಿಕೆಯಾಗುವ ಭಾಗ. ಕಾರ್ಪೆಂಟರ್ ಕೆಲಸಕ್ಕೆ ಬರಲು ಎರಡು ವಾರ ಕಾಯಬೇಕೆಂದ. ಎರಡು ವಾರವೆಂದರೆ ನನ್ನ ಮೀಟರಿನಲ್ಲಿ ಹದಿಮೂರು ಸಾವಿರ. ಜೊತೆಗೆ ಕೆಟ್ಟಿರುವುದು ಮೂರೇ ಸಾಲು, ಇಡೀ ಕೋಣೆ ಯಾಕೆ ಕೀಳಬೇಕು? ಯೂಟ್ಯೂಬಿನಲ್ಲಿ ಬಿಳಿಯ ಹೆಂಗಸೊಬ್ಬಳು ಉಗುರಿನ ಬಣ್ಣವೂ ಕೆಡದಂತೆ ಹಲಗೆ ಬದಲಾಯಿಸುತ್ತಿದ್ದಳು. ಎರಡು ಪೆಟ್ಟಿಗೆ ಹಲಗೆ, ಸ್ವಲ್ಪ ಫೋಮು, ಒಂದು ಡಬ್ಬ ಫೆವಿಕಾಲ್, ಎಲ್ಲ ಸೇರಿ ಆರು ಸಾವಿರದೊಳಗೆ. ಹಿಡಿದುಕೊಂಡದ್ದು ಹದಿನೆಂಟು. ಉಳಿಯುವ ಹನ್ನೆರಡನ್ನು ನನ್ನ ಡೈರಿಯಲ್ಲಿ 'ಸ್ವಂತ ಕೂಲಿ' ಎಂದು ಬರೆದುಕೊಂಡೆ. ಬ್ಯಾಂಕಿನಲ್ಲಿ ಬೇರೆ ಯಾರಾದರೂ ಇಂಥ ಎಂಟ್ರಿ ಹಾಕಿದ್ದರೆ ವಿವರಣೆ ಕೇಳಿ ಮೆಮೊ ಕೊಡುತ್ತಿದ್ದೆ.

"ನಿನಗೆ ಯಾಕೆ ಬೇಕು ಈ ಉಸಾಬರಿ?" ಅಂದರು ನಮ್ಮ ಯಜಮಾನರು.

"ನಿಮಗೆ ಮರದ ಕೆಲಸ ಗೊತ್ತಿಲ್ಲ, ಸುಮ್ಮನಿರಿ," ಅಂದೆ.

ಬೆಂಗಳೂರಿನಲ್ಲಿ ಓದುತ್ತಿದ್ದ ತಂಗಿ ಮಗನನ್ನು ಜೊತೆಗೆ ಹಾಕಿಕೊಂಡೆ. ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್, ಉತ್ಸಾಹಕ್ಕೆ ಕೊರತೆಯಿಲ್ಲ. ಕಟ್ಟಿಂಗ್ ಮೆಷಿನ್ನು ಬಾಡಿಗೆಗೆ ತಂದ. ನಾನು ಒಡೆದ ಹಲಗೆಯ ತುಂಡೊಂದನ್ನು ಬ್ಯಾಗಿನಲ್ಲಿಟ್ಟುಕೊಂಡು ಅಂಗಡಿ ಸುತ್ತಿದೆ. ಅದೇ ಡಿಸೈನು ಎಲ್ಲೂ ಇಲ್ಲ, ನಿಂತು ಹೋಗಿ ಎಷ್ಟೋ ವರ್ಷವಾಯಿತು ಅಂದರು. ನೆಲ ಹಾಕಿಸುವಾಗಲೇ ಒಂದೆರಡು ಪೆಟ್ಟಿಗೆ ಹೆಚ್ಚಿಗೆ ತಂದು ಅಟ್ಟದ ಮೇಲೆ ಹಾಕಿಟ್ಟುಕೊಳ್ಳುವವರು ಜಾಣರು. ನಮ್ಮ ಬಿಲ್ಡರ್ ಕೊಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಕೊನೆಗೆ ಬಣ್ಣ ಹೆಚ್ಚುಕಡಿಮೆ ಹೊಂದುವ ಒಂದನ್ನು ಆರಿಸಿ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹಿಡಿದು ನೋಡಿ, ಇದೇ ಅಂದುಕೊಂಡು ತಂದೆ. ಬಣ್ಣ ನೋಡಿದೆನೇ ಹೊರತು ಅಂಚು ನೋಡಲಿಲ್ಲ.

"ದೊಡ್ಡಮ್ಮ, ಇದು ಲಾಕ್ ಆಗ್ತಾ ಇಲ್ಲ," ಅಂದ ಹುಡುಗ.

ಒಂದೊಂದು ಕಂಪನಿಯ ಕ್ಲಿಕ್ ಲಾಕಿನ ಹಲ್ಲು ಒಂದೊಂದು ತರ. ಇದರ ನಾಲಿಗೆ ಅದರ ತೋಡಿನೊಳಗೆ ಕೂರುವುದಿಲ್ಲ. ಎರಡೂ ಎಂಟು ಮಿಲಿಮೀಟರ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಬೆರಳಾಡಿಸಿದರೆ ಕೂದಲೆಳೆಯಷ್ಟು ಮೆಟ್ಟಿಲು ಸಿಗುತ್ತಿತ್ತು. ಇನ್ನೊಂದು ತೊಡಕೂ ಇತ್ತು. ಇಂಥ ನೆಲವನ್ನು ಬಿಚ್ಚಬೇಕಾದರೆ ಕೊನೆಯ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಎತ್ತುತ್ತ ಬರಬೇಕು. ನಮ್ಮ ಕೋಣೆಯ ಮೊದಲ ಸಾಲು ಬಾತ್‌ರೂಮ್ ಗೋಡೆಯ ಕಡೆ, ಕೊನೆಯ ಸಾಲು ಎದುರು ಗೋಡೆಯ ವಾರ್ಡ್‌ರೋಬಿನ ಅಡಿ. ತೇಲಬೇಕಾದ ನೆಲದ ಮೇಲೆ ನಾವೇ ನೆಲದಿಂದ ಸೂರಿನವರೆಗೆ ಫಿಕ್ಸ್ ಮಾಡಿಸಿದ ವಾರ್ಡ್‌ರೋಬ್ ಅದು. ಅದನ್ನು ಬಿಚ್ಚುವ ಮಾತೇ ಇಲ್ಲ. ಹಾಗಾಗಿ ಕೆಟ್ಟ ಹಲಗೆಗಳನ್ನು ಇದ್ದಲ್ಲೇ ಕತ್ತರಿಸಿ ತೆಗೆದು, ಹೊಸ ಹಲಗೆಯ ನಾಲಿಗೆ ಕೊಯ್ದು ಹಾಕಿ, ಅಂಚಿಗೆ ಫೆವಿಕಾಲ್ ಹಚ್ಚಿ ಕೂರಿಸುವುದೆಂದು ತೀರ್ಮಾನವಾಯಿತು. ಈ ವಿಧಾನ ಬಲ್ಲವರೂ ಮಾಡುತ್ತಾರೆ, ಆದರೆ ಒಂದು ಹಲಗೆಗೆ. ಮೂರು ಸಾಲಿಗಲ್ಲ.

ಮೆಷಿನ್ ಹಚ್ಚಿದೊಡನೆ ಕೋಣೆ ತುಂಬ ಕಂದು ಹಿಟ್ಟು. ಮೂಗಿಗೆ ಸೀರೆ ಸೆರಗು, ಅವನಿಗೆ ಕೊರೊನಾ ಕಾಲದ ಮಾಸ್ಕು. ಮೊದಲ ಹಲಗೆಯ ನಡುವಿನ ತುಂಡನ್ನು ಉಳಿಯಿಂದ ಮೀಟಿ ತೆಗೆದೆ. ಈಗಲೂ ಆ ತುಂಡು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೇಲ್ಗಡೆ ಹೊಳೆಯುವ ಚಿತ್ರ ಹಾಗೇ ಇತ್ತು, ಒಂದು ಕಲೆಯಿಲ್ಲ. ತಿರುಗಿಸಿದರೆ ಬೆನ್ನಿಗೆ ಕಪ್ಪು ಬೂಷ್ಟು, ಚುಕ್ಕೆ ಚುಕ್ಕೆಯಾಗಿ ಶುರುವಾಗಿ ಗೋಡೆಯ ಬದಿಗೆ ಹೋದಂತೆ ಒಂದೇ ಮಸಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರಿತು. ಅಡಿಯ ಫೋಮು ನೆಲಕ್ಕೆ ಅಂಟಿಕೊಂಡಿತ್ತು. ಎಳೆದಾಗ ಚಪಚಪ ಸದ್ದಾಯಿತು. ಅದರಡಿಯ ಸಿಮೆಂಟು ಉಳಿದ ಕಡೆ ಬೂದಿ ಬಣ್ಣ, ಇಲ್ಲಿ ಕರಿ. ಸಂಪಿನ ಮುಚ್ಚಳ ತೆಗೆದಾಗ ಬರುವಂಥ ವಾಸನೆ ಮೇಲೆದ್ದಿತು.

ಇಷ್ಟು ಕಂಡ ಮೇಲೆ ಯಾರಾದರೂ ಉಳಿ ಕೆಳಗಿಡಬೇಕಿತ್ತು. ಮೇಲಿನಿಂದ ಚೆಲ್ಲಿದ ನೀರು ಹಲಗೆಗಳ ಸಂದಿನಲ್ಲಿ ಇಳಿದು ಮೊದಲು ಮೇಲಂಚನ್ನು ಉಬ್ಬಿಸುತ್ತದೆ, ಜನ ಓಡಾಡುವ ಮಂಚದ ಪಕ್ಕ, ಕಿಟಕಿಯ ಕೆಳಗೆ, ಎಲ್ಲೆಂದರಲ್ಲಿ ಕಾಣುತ್ತದೆ. ಕೆಳಗಿನಿಂದ ಬಂದ ನೀರು ಬೆನ್ನಿಗೆ ಬೂಷ್ಟು ಹಿಡಿಸಿ, ಒಂದು ಗೋಡೆಯ ಬುಡದಿಂದ ಹರಡುತ್ತ ಬರುತ್ತದೆ. ಆ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆಯೆದ್ದು ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು, ಬಾತ್‌ರೂಮ್ ಬಾಗಿಲ ಚೌಕಟ್ಟಿನ ಕಾಲು ಉಗುರು ನಾಟುವಷ್ಟು ಮೆತ್ತಗಾಗಿತ್ತು. ಎಲ್ಲವನ್ನೂ ನೋಡಿದೆ. ನೋಡಿಯೂ "ಎಷ್ಟು ನೀರು ಸುರಿದಿದಾರೆ ನೋಡು" ಎಂದು ಹುಡುಗನಿಗೆ ಹೇಳಿದೆ. ಮೇಲಿನ ನೀರಾದರೆ ಖರ್ಚು ಅವರದು, ಕೆಳಗಿನ ನೀರಾದರೆ ನನ್ನದು. ದುಡ್ಡು ಯಾರ ಕಡೆಯಿಂದ ಬರಬೇಕೆಂದು ಮೊದಲೇ ತೀರ್ಮಾನವಾಗಿತ್ತು, ನೀರು ಯಾವ ಕಡೆಯಿಂದ ಬಂತೆಂಬುದನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡೆ. ಹದಿನೆಂಟು ಸಾವಿರ ಆಗಲೇ ನನ್ನ ಖಾತೆಯಲ್ಲಿರದೆ ಹೋಗಿದ್ದರೆ ಬಹುಶಃ ಅಲ್ಲೇ ಪ್ಲಂಬರನ್ನು ಕರೆಯುತ್ತಿದ್ದೆ.

ಅದಕ್ಕೂ ಹಿಂದೆ ಅಸೋಸಿಯೇಷನ್ ಗುಂಪಿನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನವರು ತಮ್ಮ ಬಾತ್‌ರೂಮ್ ಸೂರಿನ ಫೋಟೋ ಹಾಕಿದ್ದರು, ಚಹಾ ಬಣ್ಣದ ದೊಡ್ಡ ಕಲೆ. ಕೈಮುಗಿದ ಚಿಹ್ನೆಯೊಂದಿಗೆ "ನೋಡುತ್ತೇನೆ ಸರ್" ಎಂದು ಬರೆದು ಮರೆತಿದ್ದೆ. ಕೆಳಗಿನವರ ಸೂರು, ನಮ್ಮ ನೆಲ, ಎರಡೂ ಒಂದೇ ಬಾತ್‌ರೂಮಿನ ಎರಡು ಮೈ ಎಂದು ಹೊಳೆಯಲಿಲ್ಲ.

ಸಿಮೆಂಟು ಒದ್ದೆಯಿದೆಯೇ ಎಂದು ನೋಡಲು ಯಂತ್ರವೇನೂ ಬೇಡ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಕನಿಷ್ಠ 16 ಗಂಟೆ ಬಿಡುವುದು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಸಿಮೆಂಟು ಕಪ್ಪಾಗಿದ್ದರೆ ತೇವ ಅಡಿಯಿಂದ ಏರುತ್ತಿದೆ ಎಂದರ್ಥ. ಅಮೆರಿಕದ ಎಎಸ್‌ಟಿಎಂ ಮಾನದಂಡಗಳಲ್ಲಿ ಇದಕ್ಕೊಂದು ನಂಬರೇ ಇದೆ. ಹಲಗೆ ಸುತ್ತಿ ಬಂದ ಪ್ಲಾಸ್ಟಿಕ್ಕು ಕೋಣೆಯ ಮೂಲೆಯಲ್ಲೇ ಬಿದ್ದಿತ್ತು. ನಾನು ಮಾಡಿದ್ದು ಟೇಬಲ್ ಫ್ಯಾನು ಹಚ್ಚಿದ್ದು, ಆಮೇಲೆ ಹುಡುಗನ ಅಕ್ಕನ ಹೇರ್ ಡ್ರೈಯರ್. ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿದ ಕೂಡಲೇ ಒಣಗಿತೆಂದೆ. ಹೊಸ ಹಲಗೆ ಪೆಟ್ಟಿಗೆಯೊಳಗೇ ಎರಡು ದಿನವಾದರೂ ಅದೇ ಕೋಣೆಯಲ್ಲಿ ಮಲಗಿ ಅಲ್ಲಿನ ಹವೆಗೆ ಹೊಂದಿಕೊಳ್ಳಬೇಕೆಂದು ಪೆಟ್ಟಿಗೆಯ ಮೇಲೇ ಅಚ್ಚಾಗಿತ್ತು. ಅಂಗಡಿಯಿಂದ ತಂದ ಸಂಜೆಯೇ ಕತ್ತರಿಸಿದೆವು. ಆ ಹೊತ್ತಿಗೆ ಬ್ರೋಕರ್ ಹೊಸ ಪಾರ್ಟಿಯನ್ನು ಹಿಡಿದಿದ್ದ, ಟೋಕನ್ ಅಡ್ವಾನ್ಸೂ ಬಂದಿತ್ತು, ಅವರ ಮುಹೂರ್ತ ಒಂದನೇ ತಾರೀಕಿಗೆ.

ಅಂಟು ಕಚ್ಚಿಕೊಳ್ಳಲು ಮೇಲೆ ಭಾರ ಬೇಕು. ಖಾಲಿ ಮನೆಯಲ್ಲಿ ಭಾರಕ್ಕೆ ಏನಿದೆ? ಬಕೆಟ್ಟುಗಳಿಗೆ ನೀರು ತುಂಬಿ ಸಾಲಾಗಿ ಇಟ್ಟೆವು. ಬಾತ್‌ರೂಮ್ ಹೊಸ್ತಿಲ ಗ್ರಾನೈಟ್ ಪಟ್ಟಿಯ ಪಕ್ಕ ಸಂದು ಕಂಡರೆ ಅಸಹ್ಯವೆಂದು ಹಲಗೆಯನ್ನು ಅದಕ್ಕೆ ಒತ್ತಿಯೇ ಕೂರಿಸಿದೆ, ಉಳಿದ ಕೂದಲೆಳೆಗೆ ಸಿಲಿಕೋನ್ ತುಂಬಿದೆ. ಒಂದು ಕಡೆ ವಾರ್ಡ್‌ರೋಬಿನ ಭಾರ, ಇನ್ನೊಂದು ಕಡೆ ಗ್ರಾನೈಟು. ನೆಲಕ್ಕೆ ಹಿಗ್ಗಲು ದಾರಿಯಿಲ್ಲ, ಅಡಿಯ ತೇವಕ್ಕೆ ಆರಲು ದಾರಿಯಿಲ್ಲ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿದರೆ ಹೊಸ ಮೂರು ಸಾಲು ಸ್ವಲ್ಪ ಕೆಂಪಗೆ ಕಾಣುತ್ತಿದ್ದವು. ಕಾಲೊರೆಸುವ ಮ್ಯಾಟು ಹಾಸಿದರೆ ಗೊತ್ತಾಗುವುದಿಲ್ಲ ಅಂದುಕೊಂಡೆ. ಫೋಟೋ ತೆಗೆದು ತಂಗಿಗೆ, ಅತ್ತಿಗೆಗೆ, ಹಳೆಯ ಬ್ರ್ಯಾಂಚಿನ ಗೆಳತಿಯರಿಗೆ ಕಳಿಸಿದೆ. ಒಬ್ಬಳು "ನಮ್ಮನೆಗೂ ಬಾರೇ" ಎಂದು ಬರೆದಳು.

ಹೊಸಬರು ಬಂದರು. ಜೊತೆಗೆ ಹೊಸ ಬಾಡಿಗೆದಾರನ ತಾಯಿಯೂ ಇದ್ದರು, ಎಪ್ಪತ್ತು ದಾಟಿದ ಹೆಂಗಸು, ರಾತ್ರಿ ಬಾತ್‌ರೂಮಿಗೆ ಏಳುವವರು. ಮಳೆಗಾಲ ಮುಗಿಯುವುದರೊಳಗೆ ಫೋನ್ ಬಂತು. ಗ್ರಾನೈಟಿನ ಪಕ್ಕ ಎರಡು ಹಲಗೆ ಕೂಡುವ ಕಡೆ ನೆಲ ಮೇಲೆದ್ದು ನಡುವೆ ಬೆರಳು ತೂರುವಷ್ಟು ಏರಾಗಿದೆ, ಅಮ್ಮ ಎಡವಿ ಬಾತ್‌ರೂಮ್ ಬಾಗಿಲ ಹಿಡಿ ಹಿಡಿದುಕೊಂಡಿದ್ದರಿಂದ ಬಚಾವಾದರು ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಎಚ್ಚರವಿತ್ತು. "ಮೇಡಂ, ಈಗಲೇ ಹೇಳಿಬಿಡ್ತೀನಿ, ನಾವು ನೀರು ಗೀರು ಏನೂ ಹಾಕಿಲ್ಲ. ವಿಡಿಯೋ ಮಾಡಿ ಇಟ್ಟಿದ್ದೀನಿ," ಅಂದ. ಮಾಲೀಕರಿಗೆ ಮೊದಲೇ ಸಾಕ್ಷಿ ಕಟ್ಟಿಡಬೇಕೆಂದು ಅವನಿಗೆ ಯಾರು ಕಲಿಸಿದ್ದರೋ, ನನ್ನಂಥವರೇ ಇರಬೇಕು.

ಈ ಸಲ ಪ್ಲಂಬರ್ ಬಂದ. ಕೋಲಾರದ ಕಡೆಯ ಹಿರಿಯ ಮನುಷ್ಯ, ಮಾತು ಕಡಿಮೆ. ಬೆಡ್‌ರೂಮಿನ ನೆಲವನ್ನು ಅವನು ನೋಡಲೇ ಇಲ್ಲ. ನೇರ ಬಾತ್‌ರೂಮಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಟೈಲ್ಸ್ ಕುಟ್ಟುತ್ತ ಬಂದ. ಗೀಸರ್ ಕಡೆ ಗಟ್ಟಿ ಸದ್ದು, ಶವರ್ ಕೆಳಗೆ ಡಬ್ ಡಬ್ ಎಂಬ ಪೊಳ್ಳು ಸದ್ದು. ಟೈಲ್ಸ್ ಸಂದಿನಲ್ಲಿ ಗುಂಡುಸೂಜಿ ತೂರಿಸಿದ, ಸಲೀಸಾಗಿ ಒಳಗೆ ಹೋಯಿತು. ಗ್ರೌಟ್ ಎಂದೋ ತೊಳೆದು ಹೋಗಿತ್ತು. ಆಮೇಲೆ ನೀರು ಹೋಗುವ ನಹಾನಿ ಟ್ರ್ಯಾಪಿಗೆ ಬಟ್ಟೆ ಸುತ್ತಿ ಬಿರಡೆ ಹಾಕಿ, ಹೊಸ್ತಿಲಿಗೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ, ಒಂದು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ. "ನಾಳೆ ಇದೇ ಹೊತ್ತಿಗೆ ಬರ್ತೀನಿ ಅಮ್ಮ, ಯಾರೂ ಬಳಸಬೇಡಿ," ಅಂದ.

ಮರುದಿನ ನೀರು ಗೆರೆಯಿಂದ ಚೆನ್ನಾಗಿಯೇ ಇಳಿದಿತ್ತು. ಎದ್ದ ಹಲಗೆ ಕಿತ್ತು ನೋಡಿದರೆ ಸಿಮೆಂಟು ಮತ್ತೆ ಕಪ್ಪಾಗಿ, ಗ್ರಾನೈಟಿನಡಿಯಿಂದ ಒಂದು ತೇವದ ನಾಲಿಗೆ ಕೋಣೆಯೊಳಕ್ಕೆ ಚಾಚಿತ್ತು.

ಫ್ಲ್ಯಾಟುಗಳ ಬಾತ್‌ರೂಮನ್ನು ಹೆಚ್ಚಾಗಿ ಸಂಕನ್ ಸ್ಲ್ಯಾಬ್ ಮಾಡಿ ಕಟ್ಟುತ್ತಾರೆ. ಉಳಿದ ನೆಲಕ್ಕಿಂತ ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ ಹಾಕಿ, ಆ ಗುಂಡಿಯೊಳಗೆ ಪೈಪು ಓಡಿಸಿ, ಇಟ್ಟಿಗೆ ಚೂರೋ ಸಿಂಡರೋ ತುಂಬಿ, ಮೇಲೆ ಗಾರೆ, ಅದರ ಮೇಲೆ ಟೈಲ್ಸ್. ಗುಂಡಿಯ ತಳಕ್ಕೂ ಪಕ್ಕಕ್ಕೂ ಬಳಿದ ವಾಟರ್‌ಪ್ರೂಫಿಂಗ್ ಕೆಟ್ಟರೆ, ಗ್ರೌಟಿನಿಂದಲೋ ಟ್ರ್ಯಾಪಿನ ಜಾಯಿಂಟಿನಿಂದಲೋ ಹನಿದ ನೀರು ಆ ಚೂರುಗಳ ನಡುವೆ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಅದಕ್ಕೆ ಎರಡು ದಾರಿ: ಕೆಳಗಿನವರ ಸೂರು, ಪಕ್ಕದ ಕೋಣೆಯ ಗಾರೆ. ಟೈಲ್ಸ್ ನೆಲವಾದರೆ ವರ್ಷಾನುಗಟ್ಟಲೆ ಗೊತ್ತಾಗದೆ ಹೋಗಬಹುದು. ಎಚ್‌ಡಿಎಫ್ ಮಾತ್ರ ಮೊದಲ ದಿನದಿಂದ ಹೇಳುತ್ತದೆ, ಆ ಹುಬ್ಬಳ್ಳಿಯ ಹುಡುಗಿ ಅದರ ಫೋಟೋ ತೆಗೆದು ನನಗೇ ಕಳಿಸಿದ್ದಳು.

ಬಾತ್‌ರೂಮ್ ಒಡೆಸಿದೆ. ಗುಂಡಿಯ ಸಿಂಡರನ್ನು ಚೀಲಗಳಲ್ಲಿ ತುಂಬಿ ಲಿಫ್ಟಿಗೆ ಹಾಕಿದಾಗ ನೀರು ಸೋರಿ ಅಸೋಸಿಯೇಷನ್ನಿನವರಿಂದ ಬೈಸಿಕೊಂಡದ್ದೂ ಆಯಿತು. ಹೊಸ ಕೋಟಿಂಗು, ಮತ್ತೆ ನೀರು ನಿಲ್ಲಿಸಿ ಪರೀಕ್ಷೆ, ಟೈಲ್ಸು, ಕೆಳಗಿನವರ ಸೂರಿನ ಬಣ್ಣ, ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ಬಂತು. ಆ ದಿನಗಳ ಬಾಡಿಗೆಯನ್ನು ಬಾಡಿಗೆದಾರರಿಂದ ತೆಗೆದುಕೊಳ್ಳಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಬೆಡ್‌ರೂಮಿನ ಲ್ಯಾಮಿನೇಟ್ ಪೂರ್ತಿ ಕಿತ್ತು, ಗಾರೆ ಒಣಗಲು ತಿಂಗಳಿಗೂ ಹೆಚ್ಚು ಬಿಟ್ಟು, ಹಾಲಿನಲ್ಲಿರುವಂಥದೇ ಟೈಲ್ಸ್ ಹಾಕಿಸಿದೆ. ವಾರ್ಡ್‌ರೋಬನ್ನೂ ಬಿಚ್ಚಬೇಕಾಯಿತು, ಮೊದಲು ಆಗದು ಎಂದಿದ್ದ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಆರು ಸಾವಿರದ ಹಲಗೆ ಗುಜರಿಯವನಿಗೂ ಬೇಡವಾಗಿತ್ತು.

ಹುಬ್ಬಳ್ಳಿಯ ಹುಡುಗಿಗೆ ಫೋನ್ ಮಾಡಲು ನಾನು ತಡ ಮಾಡಿದೆ. ಮೊದಲು ಬಾತ್‌ರೂಮ್ ಕೆಲಸ ಮುಗಿಯಲಿ ಅಂದುಕೊಂಡೆ, ಆಮೇಲೆ ಹಬ್ಬ ಕಳೆಯಲಿ ಅಂದುಕೊಂಡೆ. ಒಂದು ಭಾನುವಾರ ಮಾಡಿದೆ. ನೀರು ಬಾತ್‌ರೂಮಿನಿಂದ ಬಂದಿತ್ತಮ್ಮ, ನಿಮ್ಮದೇನೂ ತಪ್ಪಿರಲಿಲ್ಲ, ಹದಿನೆಂಟು ಸಾವಿರ ವಾಪಸ್ ಹಾಕುತ್ತೇನೆ, ಅಕೌಂಟ್ ನಂಬರ್ ಅದೇ ಇದೆಯಾ ಅಂದೆ. ಆ ಕಡೆ ಮಿಕ್ಸಿಯ ಸದ್ದು ನಿಂತಿತು. ಪರವಾಗಿಲ್ಲ ಬಿಡಿ ಆಂಟಿ ಅನ್ನುತ್ತಾಳೆಂದು ನಾನು ಎಣಿಸಿದ್ದೆ, ಆ ಮಾತಿಗೆ ಏನು ಉತ್ತರ ಕೊಡಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ.

"ಹೂಂ, ಅದಽ ನಂಬರ್ರೀ," ಅಂದಳು. ಆಮೇಲೆ, "ಮತ್ತ ಆ ಪೇಂಟಿಂಗ್ ರೊಕ್ಕ, ಆಂಟಿ? ಬೆಡ್‌ರೂಮಿನ ಗ್ವಾಡಿಗೆ ಬಣ್ಣ ಹೋಗಿದ್ದು ಅದಽ ನೀರಿಗಲ್ಲರೀ?"

ಅಗ್ರಿಮೆಂಟಿನಲ್ಲಿ ಒಂದು ತಿಂಗಳ ಬಾಡಿಗೆ ಅಂತ ಬರೆದಿದೆಯಲ್ಲಮ್ಮ ಅಂದೆ.

"ಹೌದ್ರೀ, ಬರದಿತ್ತು. ಸೈನ್ ಮಾಡೇವಿ," ಅಂದಳು, ಅಷ್ಟೆ. ದುಡ್ಡು ಹಾಕಿದ ಮೇಲೆ ಮೆಸೇಜು ಬಂತು, "ಬಂತ್ರೀ" ಎಂದು.

ಪೇಂಟರಿಗೆ ನಾನು ಕೊಟ್ಟದ್ದು 11,500, ಹಾಲು ಮತ್ತು ಅಡುಗೆಮನೆಗೆ ಮಾತ್ರ. ಉಳಿದ 16,500ರ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ಜಗಳ ಮುಗಿದಿಲ್ಲ. ನಮ್ಮ ಯಜಮಾನರು ಪೇಪರಿನಲ್ಲಿ ಓದಿಕೊಂಡಿದ್ದಾರೆ: ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಗೋಡೆಯ ಸುಣ್ಣ, ಬಾಗಿಲು ಕಿಟಕಿಯ ಬಣ್ಣ ಮಾಲೀಕನ ಪಾಲಿಗೆ ಬರುತ್ತದಂತೆ. ಅದು ಮಾದರಿ, ರಾಜ್ಯ ತನ್ನ ಕಾಯ್ದೆ ಮಾಡಿಕೊಂಡರಷ್ಟೇ ಲಾಗೂ, ಅಲ್ಲಿಯವರೆಗೆ ಸಹಿ ಹಾಕಿದ ಅಗ್ರಿಮೆಂಟೇ ಕಾನೂನು ಅಂತ ನಾನು. "ಹೋಗಲಿ, ಬೆಡ್‌ರೂಮಿನ ಗೋಡೆಯದ್ದಾದರೂ ಕೊಡು," ಅನ್ನುತ್ತಾರೆ ಅವರು. ಆ ಒಂದು ಗೋಡೆಗೆ ಎಷ್ಟಾಗುತ್ತದೆಂದು ಪೇಂಟರನ್ನು ಕೇಳಿದ್ದೇನೆ.